ಕಣ್ಣು ಕೊಟ್ಟ ಕಣ್ಣಪ್ಪ

ಯಾದಗಿರಿ, ಶಹಾಪುರ, ಸುರಪುರಗಳು ಕೃಷ್ಣೆ ಮತ್ತು ಭೀಮೆಯರ ನೀರುಂಡು ಬೆಳೆದ ಸೀಮೆಗಳು. ಈ ಪೈಕಿ ಸುರಪುರವು ಬೇಡ ನಾಯಕರ ರಾಜಧಾನಿಯಾಗಿ ಇತಿಹಾಸದಲ್ಲಿ ಹೆಸರಾದ ಊರು. ಆಂಗ್ಲರ ವಿರುದ್ಧ ೧೮೫೭-೫೮ರಲ್ಲಿ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕನು ಆ ವಂಶದವನೇ. ಬೇಡರ ಶೌರ್ಯವನ್ನು ಕುರಿತು ಹೇಳುವವರು ಆ ವೀರನನ್ನು ನೆನೆಯುತ್ತಾರೆ. ಬೇಡರ ಭಕ್ತಿಯನ್ನು ಕುರಿತು ಹೇಳುವವರು ಮತ್ತೊಬ್ಬನನ್ನು ನೆನೆಯುತ್ತಾರೆ. ಅವನೇ ಶಿವಭಕ್ತನಾದ ಬೇಡರ ಕಣ್ಣಪ್ಪ. ಅರುವತ್ತುಮೂವರು ಪುರಾತನರಲ್ಲಿ ಅವನೂ ಒಬ್ಬ. ಹರಿಹರ ಕವಿಯು ಅವನ ಕಥೆಯನ್ನು ರಗಳೆಯಾಗಿ ಹಾಡಿದ್ದಾನೆ.

ಕಣ್ಣಪ್ಪನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಮಂತ್ರವನ್ನರಿಯದ, ಮಡಿಯನ್ನರಿಯದ ಆ ಕಾಡಿನ ಮಗನು ತಾನು ಬೇಟೆಯಾಡಿ ತಂದುದನ್ನೇ ಶಿವನಿಗೆ ಅರ್ಪಿಸುತ್ತಿದ್ದನು. ಒಂದು ದಿನ ಶಿವಲಿಂಗದ ಒಂದು ಕಣ್ಣಿನಿಂದ ರಕ್ತವು ಸುರಿಯತೊಡಗಿತು. ಯಾವ ಸೊಪ್ಪಿನ ರಸಕ್ಕೂ ಅದು ನಿಲ್ಲಲಿಲ್ಲ. ಆಗ ಅವನು ಬಾಣದಿಂದ ತನ್ನ ಕಣ್ಣನ್ನೇ ಕಿತ್ತು ಅಲ್ಲಿ ಇರಿಸಿದನು, ರಕ್ತವು ನಿಂತಿತು. ಮರುಕ್ಷಣವೇ ಇನ್ನೊಂದು ಕಣ್ಣಿನಿಂದ ರಕ್ತವು ಹರಿಯಿತು. ಎರಡನೆಯ ಕಣ್ಣನ್ನೂ ಕಿತ್ತುಕೊಂಡರೆ ಅದನ್ನು ಇರಿಸಬೇಕಾದ ಎಡೆಯು ತನಗೆ ಕಾಣದೆಂದು, ಗುರುತಿಗಾಗಿ ಅಲ್ಲಿ ಕಾಲ್ಬೆರಳನ್ನಿಟ್ಟು, ಬಾಣವನ್ನೆತ್ತಿದನು. ಶಿವನು ಪ್ರತ್ಯಕ್ಷನಾಗಿ ಅವನ ಕೈಯನ್ನು ಹಿಡಿದನು.

ಈ ಕಥೆಯನ್ನು ಬೆಳ್ಳಿತೆರೆಯ ಮೇಲೆ ಅಭಿನಯಿಸಿ ನಾಡಿಗೆಲ್ಲ ಪರಿಚಿತನಾದ ನಟನೊಬ್ಬನು, ಮುಂದೆ ಐವತ್ತೆರಡು ವರ್ಷಗಳ ತರುವಾಯ, ನಿಜವಾಗಿಯೂ ತನ್ನ ಎರಡು ಕಣ್ಣುಗಳನ್ನು ಕೊಟ್ಟುಹೋದನು. ಅವರೇ ಡಾಕ್ಟರ್ ರಾಜಕುಮಾರ್. ಪುರಾಣದ ಬೇಡನು ದೇವರಿಗೆ ಕೊಟ್ಟನು. ಈ ನಟರು ತಾವು ಎಂದೂ ನೋಡದ ಮನುಷ್ಯರಿಗೆ ಕೊಟ್ಟರು. ಅವರ ಜೀವನವನ್ನು ಅರಿಯುವುದೆಂದರೆ, ಒಬ್ಬ ಕಲಾವಿದನ ಏಳಿಗೆಯನ್ನು ಅರಿಯುವುದರೊಡನೆ, ಮಾನವ ದೇಹದ ಒಂದು ಅಂಗವು ಕೆಟ್ಟಾಗ ಅದನ್ನು ಮತ್ತೊಬ್ಬರ ಅಂಗದಿಂದ ಸರಿಪಡಿಸುವ ವಿದ್ಯೆಯು ನಮ್ಮ ನಾಡಿನ ಮನೆಬಾಗಿಲಿಗೆ ಬಂದ ಬಗೆಯನ್ನೂ ಅರಿಯುವುದು.

ರಾಜಕುಮಾರ್ ಅವರ ಮೊದಲ ಹೆಸರು ಮುತ್ತುರಾಜ್. ಅವರು ಜನಿಸಿದ್ದು ೧೯೨೯ರ ಏಪ್ರಿಲ್ ೨೪ರಂದು, ತಾಳವಾಡಿ ಸೀಮೆಯಲ್ಲಿ. ಗಾಜನೂರು ಅವರ ಊರು. ಅಂದು ಆ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಮನೆಮಾತು ಕನ್ನಡ, ಆಡಳಿತ ಬೇರೆ ಭಾಷೆಯದು. ಇದೇ ಕಾಲದಲ್ಲಿ ಬಹುದೂರದ ಯಾದಗಿರಿ, ಶಹಾಪುರ, ಸುರಪುರಗಳ ಕನ್ನಡಿಗರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇಂಥದೇ ಸ್ಥಿತಿಯಲ್ಲಿದ್ದರು. ೧೯೫೬ರ ನವೆಂಬರ್ ೧ರಂದು ಈ ಮೂರು ಊರುಗಳು ಕನ್ನಡನಾಡಿನ ಮಡಿಲನ್ನು ಸೇರಿದವು. ಗಾಜನೂರು ಹೊರಗೇ ಉಳಿಯಿತು. ಗಡಿಯಾಚೆ ಹುಟ್ಟಿದ ಬಾಲಕನೇ ಮುಂದೆ ಕನ್ನಡಿಗರೆಲ್ಲರ ಮನೆಯ ಮಗನೆನಿಸಿದುದು ಕಾಲದ ಲೀಲೆಯೆನ್ನಬೇಕು.

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ವೃತ್ತಿರಂಗಭೂಮಿಯ ನಟರು. ರಾವಣ, ಕಂಸ, ಹಿರಣ್ಯಕಶಿಪು ಮೊದಲಾದ ಪಾತ್ರಗಳಲ್ಲಿ ಹೆಸರಾದವರು. ತಾಯಿ ಲಕ್ಷ್ಮಮ್ಮನವರು. ಬಡತನವು ಆ ಮನೆಯ ನಿತ್ಯದ ಅತಿಥಿ. ಮುತ್ತುರಾಜನ ಶಾಲೆಯ ಓದು ಪ್ರಾಥಮಿಕ ಹಂತದಲ್ಲಿಯೇ ನಿಂತುಹೋಯಿತು. ಬಾಲಕನು ತಂದೆಯ ಕೈಹಿಡಿದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದನು. ಅಲ್ಲಿ ಮಾತನ್ನು ಸ್ಪಷ್ಟವಾಗಿ ಆಡುವುದು, ಶ್ರುತಿಬದ್ಧವಾಗಿ ಹಾಡುವುದು, ಹಿರಿಯರ ಮುಂದೆ ತಲೆಬಾಗುವುದು, ಹಸಿವನ್ನು ಸಹಿಸುವುದು, ಇವೆಲ್ಲವೂ ಪಾಠಗಳೇ ಆದವು. ಶಾಲೆಯು ಕೊಡದ ವಿದ್ಯೆಯನ್ನು ರಂಗಭೂಮಿಯು ಅವರಿಗೆ ಧಾರೆಯೆರೆಯಿತು. ೧೯೫೧ರಲ್ಲಿ ತಂದೆಯು ತೀರಿಕೊಂಡಾಗ ಮನೆಯ ಭಾರವು ಎಳೆಯ ಹೆಗಲ ಮೇಲೆ ಬಿದ್ದಿತು. ೧೯೫೩ರಲ್ಲಿ ಪಾರ್ವತಮ್ಮನವರೊಡನೆ ವಿವಾಹವಾಯಿತು.

ನಿರ್ದೇಶಕರಾದ ಎಚ್. ಎಲ್. ಎನ್. ಸಿಂಹ ಅವರು ಬೇಡರ ಕಣ್ಣಪ್ಪನ ಕಥೆಯನ್ನು ಚಲನಚಿತ್ರವಾಗಿಸಲು ಹೊರಟಾಗ, ನಾಯಕನ ಪಾತ್ರಕ್ಕೆ ಆರಿಸಿದುದು ಈ ತರುಣನನ್ನು. ಮುತ್ತುರಾಜ್ ಎಂಬ ಹೆಸರನ್ನು ರಾಜಕುಮಾರ್ ಎಂದು ಬದಲಿಸಿದವರೂ ಅವರೇ. ೧೯೫೪ರಲ್ಲಿ ತೆರೆಕಂಡ ಆ ಚಿತ್ರವು ನಾಡಿನ ಮನಸ್ಸನ್ನು ಸೂರೆಗೊಂಡಿತು. ಕಣ್ಣನ್ನು ಕೀಳುವ ದೃಶ್ಯದಲ್ಲಿ ನೋಟಕರ ಕಣ್ಣುಗಳು ಹನಿಗೂಡುತ್ತಿದ್ದವು. ಅದೇ ಕಥೆಯ ತೆಲುಗು ಚಿತ್ರದಲ್ಲಿಯೂ ಅವರೇ ಅಭಿನಯಿಸಿದರು. ಆ ಬಳಿಕ ಅವರು ಬೇರೆ ಭಾಷೆಯ ಚಿತ್ರದತ್ತ ತಿರುಗಿ ನೋಡಲಿಲ್ಲ.

ಅಲ್ಲಿಂದ ಮುಂದಿನ ಬಾಳು ಏರುಗತಿಯದು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ನಾಯಕರಾಗಿ ನಟಿಸಿದರು. ಭಕ್ತ ಕನಕದಾಸ, ಮಹಾತ್ಮ ಕಬೀರ, ಸತ್ಯ ಹರಿಶ್ಚಂದ್ರ, ಇಮ್ಮಡಿ ಪುಲಿಕೇಶಿ, ಶ್ರೀಕೃಷ್ಣದೇವರಾಯ, ಮಯೂರ ಮೊದಲಾದ ಪಾತ್ರಗಳ ಮೂಲಕ ಕನ್ನಡನಾಡಿನ ಪುರಾಣ ಇತಿಹಾಸಗಳು ಅಕ್ಷರವರಿಯದ ಜನರಿಗೂ ಪರಿಚಿತವಾದವು. ೧೯೭೧ರ ಕಸ್ತೂರಿ ನಿವಾಸದಲ್ಲಿ ಕೊಟ್ಟು ಕೊಟ್ಟು ಬರಿಗೈಯಾದರೂ ಕೊಡುವ ಗುಣವನ್ನು ಬಿಡದ ಮನುಷ್ಯನಾಗಿ, ೧೯೭೨ರ ಬಂಗಾರದ ಮನುಷ್ಯದಲ್ಲಿ ಹಳ್ಳಿಗೆ ಬಂದು ಬಂಜರು ನೆಲವನ್ನು ಹಸನುಗೊಳಿಸಿದ ರೈತನಾಗಿ ಅವರು ಕಾಣಿಸಿಕೊಂಡರು. ತೆರೆಯ ಮೇಲೆ ಸಿಗರೇಟು, ಮದ್ಯಗಳನ್ನು ಹಿಡಿಯಬಾರದೆಂಬ ನಿಯಮವನ್ನು ಪಾಲಿಸಿದರು. ತಮ್ಮನ್ನು ನೋಡುವವರು ತಮ್ಮಂತೆ ನಡೆಯಲೆಳಸುವರೆಂಬ ಎಚ್ಚರವು ಅವರಲ್ಲಿತ್ತು.

ಗೌರವಗಳು ತಾವಾಗಿಯೇ ಅರಸಿಕೊಂಡು ಬಂದವು. ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ೧೯೮೩ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ, ೧೯೯೨ರಲ್ಲಿ ರಾಷ್ಟ್ರಕವಿ ಕುವೆಂಪು ಅವರೊಂದಿಗೆ ಕರ್ನಾಟಕ ರತ್ನ ಪ್ರಶಸ್ತಿಯೂ, ೧೯೯೫ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಸಂದವು. ಗೋಕಾಕ್ ವರದಿಯ ಜಾರಿಗಾಗಿ ೧೯೮೨ರಲ್ಲಿ ನಡೆದ ಚಳವಳಿಗೆ ಅವರು ಧುಮುಕಿದಾಗ, ಅದುವರೆಗೆ ಸಾಹಿತಿಗಳ ಸಭೆಯಲ್ಲಿದ್ದ ಬೇಡಿಕೆಯು ಬೀದಿಬೀದಿಯ ಕೂಗಾಯಿತು. ಪ್ರಾಥಮಿಕ ಶಾಲೆಯನ್ನೂ ಪೂರೈಸಲಾಗದಿದ್ದ ವ್ಯಕ್ತಿಯು ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನವಿರಬೇಕೆಂದು ನಾಡನ್ನು ಸುತ್ತಿದುದು ಗಮನಾರ್ಹ.

ಇಷ್ಟೆಲ್ಲ ಪ್ರಸಿದ್ಧಿಯ ನಡುವೆ, ೧೯೯೪ರಲ್ಲಿ, ಅವರು ಸದ್ದಿಲ್ಲದೆ ಒಂದು ನಿರ್ಧಾರವನ್ನು ಕೈಗೊಂಡರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ, ಡಾಕ್ಟರ್ ಭುಜಂಗ ಶೆಟ್ಟಿಯವರ ಮುಂದಾಳುತನದಲ್ಲಿ, ರಾಜಕುಮಾರ್ ಅವರ ಹೆಸರಿನ ನೇತ್ರ ಬ್ಯಾಂಕು ಆರಂಭವಾಯಿತು. ಅದನ್ನು ಉದ್ಘಾಟಿಸಿದ ಸಂದರ್ಭದಲ್ಲಿ ಅವರು ತಮ್ಮ ಮರಣಾನಂತರ ತಮ್ಮ ಕಣ್ಣುಗಳನ್ನು ದಾನ ಮಾಡಬೇಕೆಂಬ ಇಚ್ಛೆಯನ್ನು ಪ್ರಕಟಿಸಿದರು. ಈ ನಿರ್ಧಾರದ ಹಿರಿಮೆಯನ್ನು ತಿಳಿಯಬೇಕಾದರೆ ಕಣ್ಣಿನ ರಚನೆಯನ್ನು ಕೊಂಚ ಅರಿಯುವುದು ಅವಶ್ಯಕ.

ಕಣ್ಣಿನ ಕಪ್ಪು ಭಾಗದ ಮೇಲೆ ಕೈಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೊಂದಿದೆ. ಅದಕ್ಕೆ ಕಾರ್ನಿಯಾ ಎಂದು ಹೆಸರು. ಅದರ ಅಡ್ಡಳತೆ ಸುಮಾರು ೧೧ರಿಂದ ೧೨ ಮಿಲಿಮೀಟರ್. ನಡುಭಾಗದ ದಪ್ಪ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಬೆಳಕು ಕಣ್ಣಿನೊಳಗೆ ಪ್ರವೇಶಿಸುವ ಮೊದಲ ಬಾಗಿಲು ಇದೇ. ಪಾರದರ್ಶಕವಾಗಿರಬೇಕಾದ ಕಾರಣ ಇದರಲ್ಲಿ ರಕ್ತನಾಳಗಳಿಲ್ಲ; ಬೇಕಾದ ಆಮ್ಲಜನಕದ ಬಹುಭಾಗವನ್ನು ಅದು ಗಾಳಿಯಿಂದಲೇ ಪಡೆಯುತ್ತದೆ. ಇದರ ಒಳಮೈಯಲ್ಲಿ ಒಂದೇ ಪದರವಾಗಿ ಹರಡಿರುವ ಜೀವಕೋಶಗಳು ನೀರನ್ನು ಹೊರಹಾಕುತ್ತ ಪಟಲವನ್ನು ತಿಳಿಯಾಗಿಡುತ್ತವೆ. ಆ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟಿ ಬೆಳೆದು ತುಂಬಿಕೊಳ್ಳುವುದಿಲ್ಲ.

ಈ ಪಟಲವು ಕೆಟ್ಟು ಬೆಳ್ಳಗಾದಾಗ ನಮ್ಮ ಹಳ್ಳಿಯ ಜನ ಕಣ್ಣಿನಲ್ಲಿ ಹೂ ಬಿದ್ದಿದೆ ಎನ್ನುತ್ತಾರೆ. ಹೂವೆಂಬ ಹೆಸರು ಕೋಮಲ; ಅದರ ಪರಿಣಾಮ ಕಠೋರ. ಶಹಾಪುರ, ಸುರಪುರಗಳ ಕಾಲುವೆಯ ನೀರಿನ ಗದ್ದೆಗಳಲ್ಲಿ ಭತ್ತವನ್ನು ಬಡಿಯುವಾಗ ಹೊಟ್ಟು ಸಿಡಿಯಬಹುದು. ಯಾದಗಿರಿಯ ಹೊಲಗಳಲ್ಲಿ ತೊಗರಿಯ ಕಟ್ಟಿಗೆ, ಹತ್ತಿಯ ಕಡ್ಡಿಗಳು ಕಣ್ಣಿಗೆ ತಾಗಬಹುದು. ಸಣ್ಣ ಗಾಯವೆಂದು ಉಪೇಕ್ಷಿಸಿದರೆ ಅಲ್ಲಿ ಬೂಷ್ಟು ಅಥವಾ ಸೂಕ್ಷ್ಮಾಣುಗಳು ಬೆಳೆದು ಹುಣ್ಣಾಗುತ್ತದೆ. ನಾಟಿಮದ್ದಿನ ರಸವನ್ನು ಹಿಂಡಿದರೆ ಹುಣ್ಣು ಉಲ್ಬಣಿಸುತ್ತದೆ. ಸುಣ್ಣವು ಕಣ್ಣಿಗೆ ಬಿದ್ದರೆ ಪಟಲವು ಸುಟ್ಟುಹೋಗುತ್ತದೆ. ಎ ಜೀವಸತ್ವದ ಕೊರತೆಯಿಂದ ಎಳೆಯ ಮಕ್ಕಳ ಕಣ್ಣುಗಳು ಒಣಗಿ ಕುರುಡಾಗುವುದೂ ಉಂಟು. ಕಣ್ಣಿನ ಒಳಭಾಗವೆಲ್ಲ ಆರೋಗ್ಯವಾಗಿದ್ದರೂ ಬಾಗಿಲು ಮುಚ್ಚಿದ ಮನೆಯಂತೆ ಒಳಗೆ ಕತ್ತಲೆ. ಮುಪ್ಪಿನಲ್ಲಿ ಬರುವ ಪೊರೆಯು ಬೇರೆ. ಅದು ಒಳಗಿನ ಮಸೂರದ ದೋಷ, ಅದಕ್ಕೆ ಕೃತಕ ಮಸೂರವನ್ನಿಡಬಹುದು. ಬೆಳ್ಳಗಾದ ಕಾರ್ನಿಯಾಕ್ಕಾದರೋ ಬಹುಮಟ್ಟಿಗೆ ಮತ್ತೊಬ್ಬ ಮನುಷ್ಯನ ಕಾರ್ನಿಯಾವೇ ಬೇಕು.

ಈ ಕಸಿಯನ್ನು ಮೊದಲು ಸಾಧಿಸಿದವರು ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು. ೧೯೦೫ರ ಡಿಸೆಂಬರ್ ೭ರಂದು, ಇಂದಿನ ಚೆಕ್ ದೇಶದ ಓಲೋಮೌಟ್ಸ್ ಎಂಬ ಊರಿನಲ್ಲಿ, ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯಾಳಿಗೆ ಅವರು ಶಸ್ತ್ರಚಿಕಿತ್ಸೆ ನಡೆಸಿದರು. ಗಾಯದಿಂದಾಗಿ ತೆಗೆದುಹಾಕಬೇಕಾಗಿದ್ದ ಬಾಲಕನೊಬ್ಬನ ಕಣ್ಣಿನ ಪಟಲವನ್ನು ಅವನಿಗೆ ಕೂಡಿಸಿದರು. ಕೂಲಿಯಾಳು ಮತ್ತೆ ದುಡಿಮೆಗೆ ಮರಳಿದನು. ಭಾರತದಲ್ಲಿ ಮೊದಲ ನೇತ್ರ ಬ್ಯಾಂಕು ಮದರಾಸಿನಲ್ಲಿ ೧೯೪೫ರಲ್ಲಿ ಆರಂಭವಾಯಿತು.

ದೇಹದ ಒಳಗಿನ ಅಂಗಗಳ ಕಸಿ ಇದಕ್ಕಿಂತ ಬಹು ಕಠಿಣ. ಏಕೆಂದರೆ ರಕ್ತವು ಪರಕೀಯವಾದುದನ್ನು ಗುರುತಿಸಿ ಹೋರಾಡುತ್ತದೆ. ೧೯೫೪ರಲ್ಲಿ, ಎಂದರೆ ಬೇಡರ ಕಣ್ಣಪ್ಪ ತೆರೆಕಂಡ ವರ್ಷವೇ, ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರೆಯವರು ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿಯನ್ನು ಯಶಸ್ವಿಯಾಗಿ ನಡೆಸಿದರು. ಅವಳಿಗಳಾದುದರಿಂದ ದೇಹವು ಅದನ್ನು ಪರಕೀಯವೆಂದು ಭಾವಿಸಲಿಲ್ಲ. ೧೯೬೭ರಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಅವರು ದಕ್ಷಿಣ ಆಫ್ರಿಕದಲ್ಲಿ ಹೃದಯದ ಕಸಿ ಮಾಡಿದರು. ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. ಈ ಅಂಗಗಳನ್ನು ಮರಣಾನಂತರ ಪಡೆಯಬೇಕಾದರೆ, ಮಿದುಳು ಸತ್ತು ಯಂತ್ರದ ನೆರವಿನಿಂದ ಉಸಿರಾಟವಿನ್ನೂ ನಡೆದಿರುವಾಗ, ಸುಸಜ್ಜಿತ ಆಸ್ಪತ್ರೆಯಲ್ಲಿಯೇ ಪಡೆಯಬೇಕು. ಕಸಿ ಮಾಡಿಸಿಕೊಂಡವರು ಬಾಳಿನುದ್ದಕ್ಕೂ ಔಷಧಿಯನ್ನು ಸೇವಿಸಬೇಕು.

ಕಣ್ಣಿನ ವಿಷಯ ಹಾಗಲ್ಲ. ಪಟಲದಲ್ಲಿ ರಕ್ತನಾಳಗಳಿಲ್ಲದ ಕಾರಣ ದೇಹವು ಅದನ್ನು ಸುಲಭವಾಗಿ ತಿರಸ್ಕರಿಸುವುದಿಲ್ಲ. ಸಾಮಾನ್ಯವಾಗಿ ರಕ್ತದ ಗುಂಪು ಹೊಂದಬೇಕೆಂಬ ನಿರ್ಬಂಧವೂ ಇಲ್ಲ. ಹೃದಯವು ನಿಂತ ಮೇಲೆಯೂ, ಮನೆಯಲ್ಲಿಯೇ, ಆರು ಗಂಟೆಗಳೊಳಗೆ ಕಣ್ಣನ್ನು ಪಡೆಯಬಹುದು. ಆದುದರಿಂದ ದೊಡ್ಡ ನಗರದಲ್ಲಿ ಸತ್ತವನಷ್ಟೇ ಸುಲಭವಾಗಿ ಕುಗ್ರಾಮದಲ್ಲಿ ಸತ್ತವನೂ ಕಣ್ಣನ್ನು ಕೊಡಬಲ್ಲನು. ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿದ ಮಾನವ ಅಂಗಾಂಗ ಕಸಿ ಕಾಯಿದೆಯನ್ನು ನಮ್ಮ ಸಂಸತ್ತು ಅಂಗೀಕರಿಸಿದುದೂ ರಾಜಕುಮಾರ್ ಅವರು ಸಂಕಲ್ಪ ಮಾಡಿದ ೧೯೯೪ರಲ್ಲಿಯೇ. ಕೊಳ್ಳಲಾಗದುದನ್ನು, ಮಾರಲಾಗದುದನ್ನು ಕೊಡುವುದೊಂದೇ ದಾರಿ.

ಆದರೆ ವಿದ್ಯೆಯಿದ್ದರೇನು, ಕೊಡುವ ಮನಸ್ಸು ಬೇಕಲ್ಲವೇ? ಕಣ್ಣನ್ನು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುವನೆಂಬ ಭಯ ಕೆಲವರದು. ಮುಖವು ವಿರೂಪಗೊಳ್ಳುವುದೆಂಬ ಶಂಕೆ ಇನ್ನು ಕೆಲವರದು. ದೇಹವನ್ನು ಪೂರ್ಣವಾಗಿಯೇ ಮಣ್ಣಿಗೊಪ್ಪಿಸಬೇಕೆಂಬ ಶ್ರದ್ಧೆ ಮತ್ತೆ ಕೆಲವರದು. ಈ ಭಾವನೆಗಳನ್ನು ಕಾಯಿದೆಯಿಂದ ಅಳಿಸಲಾಗದು, ವೈದ್ಯರ ಭಾಷಣದಿಂದಲೂ ಅಷ್ಟಾಗಿ ಅಳಿಸಲಾಗದು. ಜನರು ಯಾರನ್ನು ನಂಬುತ್ತಾರೆಯೋ ಅವರ ನಡೆಯಿಂದ ಮಾತ್ರ ಅವು ಕರಗುತ್ತವೆ. ಜನರು ರಾಜಕುಮಾರ್ ಅವರನ್ನು ನಂಬಿದ್ದರು. ಅವರು ತಮ್ಮ ಅಭಿಮಾನಿಗಳನ್ನು ದೇವರೆಂದು ಕರೆಯುತ್ತಿದ್ದರು. ಕಣ್ಣಪ್ಪನು ತನ್ನ ದೇವರಿಗೆ ಕಣ್ಣನ್ನು ಕೊಟ್ಟನು. ಇವರೂ ತಾವು ದೇವರೆಂದು ಕರೆದವರಿಗೇ ಕಣ್ಣನ್ನು ಕೊಡಲು ಸಂಕಲ್ಪಿಸಿದರೆಂದರೆ ತಪ್ಪಾಗದು.

ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಹನ್ನೆರಡು ವರ್ಷಗಳು ಉರುಳಿದವು. ಆ ಅವಧಿಯಲ್ಲಿ ಅವರ ಬಾಳಿಗೆ ಭಾರಿ ಕಂಟಕವೊಂದು ಎದುರಾಯಿತು. ೨೦೦೦ದ ಜುಲೈ ೩೦ರ ರಾತ್ರಿ, ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಯಿಂದ ಅವರನ್ನು ಅಪಹರಿಸಿದನು. ಎಪ್ಪತ್ತೊಂದರ ಇಳಿವಯಸ್ಸಿನಲ್ಲಿ ೧೦೮ ದಿನಗಳನ್ನು ಅವರು ಕಾಡಿನಲ್ಲಿ ಕಳೆಯಬೇಕಾಯಿತು. ತೆರೆಯ ಮೇಲೆ ಕಾಡಿನ ಬೇಡನಾಗಿ ಹೆಸರು ಪಡೆದವರು ನಿಜವಾದ ಕಾಡಿನಲ್ಲಿ ಸೆರೆಯಾಳಾದರು. ನವೆಂಬರ್ ೧೫ರಂದು ಬಿಡುಗಡೆ ಹೊಂದಿ ಮರಳಿದಾಗ ನಾಡು ನಿಟ್ಟುಸಿರಿಟ್ಟಿತು.

೨೦೦೬ರ ಏಪ್ರಿಲ್ ೧೨, ಬುಧವಾರ. ಅಪರಾಹ್ನದ ಹೊತ್ತಿನಲ್ಲಿ ಬೆಂಗಳೂರಿನ ತಮ್ಮ ಮನೆಯಲ್ಲಿದ್ದ ರಾಜಕುಮಾರ್ ಅವರು ಹೃದಯ ಸ್ತಂಭನದಿಂದ ಕುಸಿದರು. ಆಸ್ಪತ್ರೆಯಲ್ಲಿ ನಡೆದ ಪ್ರಯತ್ನಗಳು ಫಲಿಸಲಿಲ್ಲ. ವಾರ್ತೆಯು ಕಾಳ್ಗಿಚ್ಚಿನಂತೆ ಹಬ್ಬಿತು. ಲಕ್ಷಾಂತರ ಜನ ಬೀದಿಗಿಳಿದರು. ಅಂಗಡಿಗಳು ಮುಚ್ಚಿದವು, ವಾಹನಗಳು ನಿಂತವು. ಆ ಮನೆಯಲ್ಲಿ ಮುಗಿಯದ ದುಃಖ. ಹೊರಗೆ ತಡೆಯಲಾಗದ ಜನಸಾಗರ. ಕಣ್ಣಿನ ಪಟಲಕ್ಕಾದರೋ ಯಾರ ದುಃಖಕ್ಕೂ ಕಾಯುವ ವ್ಯವಧಾನವಿಲ್ಲ. ಅದಕ್ಕಿರುವುದು ಆರು ಗಂಟೆಗಳು ಮಾತ್ರ. ಅಂಥ ವೇಳೆಯಲ್ಲಿಯೂ ಕುಟುಂಬದವರು ಹನ್ನೆರಡು ವರ್ಷಗಳ ಹಿಂದಿನ ಮಾತನ್ನು ಮರೆಯಲಿಲ್ಲ. ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಮರುದಿನ, ಏಪ್ರಿಲ್ ೧೩ರಂದು, ಅವುಗಳನ್ನು ದೃಷ್ಟಿಹೀನರಾದ ಇಬ್ಬರಿಗೆ ಕಸಿ ಮಾಡಲಾಯಿತು.

ಆ ಎರಡು ದಿನಗಳ ಚರಿತ್ರೆಯಲ್ಲಿ ವಿಷಾದದ ಪುಟವೂ ಒಂದಿದೆ. ಶೋಕದ ಹೆಸರಿನಲ್ಲಿ ಕೆಲವರು ಕಲ್ಲು ತೂರಿದರು, ವಾಹನಗಳಿಗೆ ಬೆಂಕಿಯಿಟ್ಟರು. ಗಲಭೆಯಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಒಂದೇ ವ್ಯಕ್ತಿಯ ಸಾವಿನಿಂದ ಒಂದೆಡೆ ಕೆಲವು ಮನೆಗಳಲ್ಲಿ ದೀಪವಾರಿತು, ಮತ್ತೊಂದೆಡೆ ಎರಡು ಮನೆಗಳಲ್ಲಿ ದೀಪ ಹೊತ್ತಿತು. ಆರಿದ ದೀಪಗಳಿಗೆ ಕಾರಣವಾದುದು ವಿವೇಕವಿಲ್ಲದ ಅಭಿಮಾನ. ಹೊತ್ತಿದ ದೀಪಗಳಿಗೆ ಕಾರಣವಾದುದು ಅಗಲಿದವರ ವಿವೇಕ. ಹಿರಿಯರನ್ನು ಗೌರವಿಸುವ ಬಗೆ ಯಾವುದೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ.

ದಾನವು ಅವರೊಂದಿಗೆ ನಿಲ್ಲಲಿಲ್ಲ. ೨೦೧೭ರಲ್ಲಿ ಪಾರ್ವತಮ್ಮನವರು ತೀರಿಕೊಂಡಾಗ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ೨೦೨೧ರ ಅಕ್ಟೋಬರ್ ೨೯ರಂದು ಕಿರಿಯ ಮಗನಾದ ಪುನೀತ್ ರಾಜಕುಮಾರ್ ಅವರು ನಲವತ್ತಾರನೆಯ ವಯಸ್ಸಿನಲ್ಲಿ ಹಠಾತ್ತಾಗಿ ಅಗಲಿದಾಗ, ಆ ಮನೆಯವರು ಮತ್ತೊಮ್ಮೆ ಅದೇ ದಾರಿಯನ್ನು ಹಿಡಿದರು. ಅಷ್ಟರಲ್ಲಿ ವಿದ್ಯೆಯು ಮುಂದುವರಿದಿದ್ದಿತು. ಕಾರ್ನಿಯಾವನ್ನು ಪದರಪದರವಾಗಿ ಬೇರ್ಪಡಿಸುವ ಕೌಶಲದಿಂದ, ಹೊರಪದರವು ಕೆಟ್ಟಿದ್ದ ಇಬ್ಬರಿಗೆ ಮುಂಭಾಗವನ್ನೂ ಒಳಪದರವು ಕೆಟ್ಟಿದ್ದ ಇಬ್ಬರಿಗೆ ಹಿಂಭಾಗವನ್ನೂ ನೀಡಲಾಯಿತು. ತಂದೆಯ ಎರಡು ಕಣ್ಣುಗಳಿಂದ ಇಬ್ಬರು ಬೆಳಕನ್ನು ಕಂಡಿದ್ದರೆ, ಮಗನ ಎರಡು ಕಣ್ಣುಗಳು ನಾಲ್ವರಿಗೆ ಬೆಳಕಾದವು. ಇದಾದ ಬಳಿಕ ಕರ್ನಾಟಕದಲ್ಲಿ ಸಾವಿರಾರು ಜನರು ನೇತ್ರದಾನದ ಪ್ರತಿಜ್ಞೆ ಕೈಗೊಂಡರು.

ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕಾರ್ನಿಯಾದ ಅಂಚಿನಲ್ಲಿ ಹೊಸ ಕೋಶಗಳಿಗೆ ಜನ್ಮವೀಯುವ ಮೂಲಕೋಶಗಳಿವೆ. ಅವುಗಳನ್ನು ಪ್ರಯೋಗಶಾಲೆಯಲ್ಲಿ ಸಸಿಮಡಿಯ ಪೈರಿನಂತೆ ಬೆಳೆಸಿ ಸುಟ್ಟ ಕಣ್ಣಿಗೆ ನಾಟಿ ಮಾಡುವ ವಿಧಾನವು ೧೯೯೭ರಲ್ಲಿ ಇಟಲಿಯಿಂದ ವರದಿಯಾಯಿತು, ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ರೂಢಿಗೆ ಬಂದಿದೆ. ಹಂದಿಯ ಚರ್ಮದಿಂದ ಪಡೆದ ಕೊಲಾಜೆನ್ ಎಂಬ ಸಸಾರಜನಕದಿಂದ ಸ್ವೀಡನ್ನಿನ ವಿಜ್ಞಾನಿಗಳು ರೂಪಿಸಿದ ಕೃತಕ ಪಟಲವನ್ನು ಭಾರತ ಮತ್ತು ಇರಾನ್ ದೇಶಗಳ ೨೦ ಮಂದಿ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶವು ೨೦೨೨ರಲ್ಲಿ ಪ್ರಕಟವಾಗಿ ಆಶೆಯನ್ನು ಮೂಡಿಸಿತು. ಇಂಥ ಪಟಲಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ದೊರೆಯುವ ದಿನ ಬರಬಹುದು. ಆದರೆ ಇಂದು ಕತ್ತಲೆಯಲ್ಲಿರುವವರು ಅಲ್ಲಿಯವರೆಗೂ ಕಾಯಲಾರರು. ಅವರಿಗೆ ಬೇಕಾಗಿರುವುದು ಇಂದು ಅಗಲಿದವರ ಕಣ್ಣು.

ಕಣ್ಣನ್ನು ಕೊಡಲು ಅರಸನಾಗಬೇಕಿಲ್ಲ, ನಟನೂ ಆಗಬೇಕಿಲ್ಲ. ಮುದುಕರೂ ಕೊಡಬಹುದು, ಕನ್ನಡಕ ಧರಿಸುವವರೂ, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ, ಸಕ್ಕರೆಯ ಕಾಯಿಲೆಯುಳ್ಳವರೂ ಕೊಡಬಹುದು. ಹುಚ್ಚುನಾಯಿಯ ಕಡಿತದ ರೋಗ, ಏಡ್ಸ್ ಮೊದಲಾದ ಕೆಲವು ರೋಗಗಳಿಂದ ಸತ್ತವರ ಕಣ್ಣುಗಳನ್ನು ಮಾತ್ರ ಕಸಿಗೆ ಬಳಸುವುದಿಲ್ಲ. ಮರಣವು ಸಂಭವಿಸಿದೊಡನೆ ಮೃತರ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆಯ ಹತ್ತಿಯನ್ನಿಡಬೇಕು. ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಬೇಕು. ಬೀಸಣಿಗೆಯ ಗಾಳಿಯನ್ನು ನಿಲ್ಲಿಸಿ ನೇತ್ರ ಬ್ಯಾಂಕಿಗೆ ತಿಳಿಸಬೇಕು. ತಜ್ಞರು ಬಂದು ಅರ್ಧ ಗಂಟೆಯೊಳಗಾಗಿ ಕಾರ್ಯವನ್ನು ಮುಗಿಸುತ್ತಾರೆ. ಮುಖವು ವಿರೂಪಗೊಳ್ಳುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಾಗುವುದಿಲ್ಲ. ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರಷ್ಟೇ ಸಾಲದು. ಮನೆಯವರು ಅದನ್ನು ಅರಿತಿರಬೇಕು, ಆ ಗಳಿಗೆಯಲ್ಲಿ ನೆನೆಯಬೇಕು. ಸತ್ತವರ ಮಾತನ್ನು ಉಳಿಸುವವರು ಬದುಕಿರುವವರೇ.

ಪ್ರತಿ ವರ್ಷ ಆಗಸ್ಟ್ ೨೫ರಿಂದ ಸೆಪ್ಟೆಂಬರ್ ೮ರವರೆಗೆ ದೇಶದಾದ್ಯಂತ ನೇತ್ರದಾನ ಪಕ್ಷವನ್ನು ಆಚರಿಸಲಾಗುತ್ತದೆ. ಮುಂಗಾರಿನ ಹೆಸರು ಬೆಳೆಯ ರಾಶಿ ಸಾಗಿ, ತೊಗರಿ ಹತ್ತಿಗಳು ಹಸಿರಾಗಿ ಬೆಳೆದು ನಿಲ್ಲುವ ದಿನಗಳವು. ಹೊಲದಲ್ಲಿ ಕಡ್ಡಿ ತಾಗಿ ದೃಷ್ಟಿ ಕಳೆದುಕೊಂಡ ತರುಣನೊಬ್ಬನು ಮರಳಿ ಹೊಲವನ್ನು ಕಾಣಬೇಕಾದರೆ, ಅವನು ಎಂದೂ ಕಾಣದ ಒಬ್ಬರು ಕೊಡಬೇಕು. ಆ ಒಬ್ಬರ ಮನೆಯವರು ಕಣ್ಣೀರಿನ ನಡುವೆಯೂ ಒಪ್ಪಬೇಕು. ಅದು ಸುಲಭದ ಕಾರ್ಯವಲ್ಲ. ಆದರೆ ಅಸಾಧ್ಯವಲ್ಲವೆಂಬುದನ್ನು ಒಂದು ಮನೆತನವು ಮೂರು ಬಾರಿ ತೋರಿಸಿಕೊಟ್ಟಿದೆ.

ರಾಜಕುಮಾರ್ ಅವರ ಚಿತ್ರಗಳು ಉಳಿದಿವೆ. ಅವರ ಹಾಡುಗಳು ಕನ್ನಡಿಗರ ನಾಲಗೆಯ ಮೇಲಿವೆ. ಊರೂರುಗಳಲ್ಲಿ ಅವರ ಪ್ರತಿಮೆಗಳು ನಿಂತಿವೆ. ಪ್ರತಿಮೆಯ ಕಣ್ಣುಗಳು ಏನನ್ನೂ ಕಾಣಲಾರವು. ಆದರೆ ಅವರ ಮೈಯಲ್ಲಿದ್ದ ಕಣ್ಣುಗಳು ಅವರು ಮಣ್ಣು ಸೇರಿದ ದಿನವೇ ಬೇರೆ ಇಬ್ಬರಿಗೆ ಬೆಳಕಾದವು. ಕಣ್ಣಪ್ಪನ ಕೈಯನ್ನು ಶಿವನು ತಡೆದನು. ರಾಜಕುಮಾರ್ ಅವರ ಕೈಯನ್ನು ತಡೆಯುವವರು ಯಾರೂ ಇರಲಿಲ್ಲ. ತಡೆಯುವ ಅಗತ್ಯವೂ ಇರಲಿಲ್ಲ. ಬದುಕಿರುವವನಿಗೆ ಒಂದಿಷ್ಟೂ ನೋವಿಲ್ಲದೆ, ಸತ್ತ ಮೇಲೆ ಕೊಡಬಲ್ಲ ದಾನವದು. ಪುರಾಣಕಾಲದಲ್ಲಿ ಒಬ್ಬ ಬೇಡನಿಗೆ ಮಾತ್ರ ಸಾಧ್ಯವಾದುದು ಇಂದು ಯಾದಗಿರಿಯ ಕೂಲಿಕಾರನಿಗೂ, ಶಹಾಪುರದ ರೈತನಿಗೂ, ಸುರಪುರದ ಗೃಹಿಣಿಗೂ ಸಾಧ್ಯ.